ಭಾವಮೈದುನನ ಬಳಿ ಇದೆ

ಕಳೆದುಹೋದ ಸಾಮಾನು ಹುಡುಕುವುದರಲ್ಲೇ ಅರ್ಧ ಆಯುಷ್ಯ ಸವೆಸುವ ಮನೆಗಳನ್ನು ನೀವು ನೋಡಿರುತ್ತೀರಿ. ಹೊಲಿಗೆಯಮ್ಮನ ಮನೆ ಅಂಥದ್ದಲ್ಲ. ಅಲ್ಲಿ ಗುಂಡುಸೂಜಿಗೂ ಒಂದು ವಿಳಾಸವಿತ್ತು. ಅದು ನಿನ್ನ ಪುಣ್ಯವೋ ಪ್ರಾರಬ್ಧವೋ ಎಂದು ಯಾರಾದರೂ ಕೇಳಿದ್ದರೆ, ಈ ಕಥೆ ನಡೆದ ಎರಡು ತಿಂಗಳಲ್ಲಿ ಅವಳು ಹಿಂದೆಮುಂದೆ ನೋಡದೆ ಪ್ರಾರಬ್ಧ ಎಂದೇ ಹೇಳುತ್ತಿದ್ದಳು.

ಅವಳ ಗಂಡ ಒಂದು ಶಾಲೆಯ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ಬಾಟಲಿಗಳನ್ನು ಕಾದವರು. ಪಾಠ ಮಾಡಿದವರಲ್ಲ, ಆದರೂ ಎಲ್ಲರೂ ಅವರನ್ನು ಎದುರಿಗೆ ಮಾಸ್ತರು ಎನ್ನುತ್ತಿದ್ದರು, ಬೆನ್ನ ಹಿಂದೆ ಚೀಟಿ ಮಾಸ್ತರು ಎನ್ನುತ್ತಿದ್ದರು. ಬಾಟಲಿಗೊಂದು ಚೀಟಿ, ಬಾಟಲಿ ಕೂರುವ ಹಲಗೆಗೊಂದು ಚೀಟಿ. ನಿವೃತ್ತಿಯ ದಿನ ಬಾಟಲಿಗಳು ಅಲ್ಲೇ ಉಳಿದವು. ಅಂಟಿನ ಡಬ್ಬಿ ಮಾತ್ರ ಅವರ ಹಿಂದೆಯೇ ಮನೆಗೆ ಬಂತು. ವಾರ ಕಳೆಯುವುದರೊಳಗೆ ಅಡುಗೆಮನೆಯ ಡಬ್ಬಿಗಳೆಲ್ಲ ಹಣೆಯ ಮೇಲೆ ಹೆಸರು ಬರೆಸಿಕೊಂಡು ಸಾಲಾಗಿ ನಿಂತವು. ಒಂದು ದಿನ ರೇಗಿ ಹೋಗಿ ಹೊಲಿಗೆಯಮ್ಮ ಸಕ್ಕರೆ ಡಬ್ಬಿಗೆ ಉಪ್ಪು ತುಂಬಿಟ್ಟಳು. ಮಾಸ್ತರು ಚಹಾಕ್ಕೆ ಎರಡು ಚಮಚ ಹಾಕಿಕೊಂಡರು, ಒಂದು ಗುಟುಕು ಕುಡಿದರು, ಮುಖ ಕಿವುಚಿದರು, ಡಬ್ಬಿಯ ಮೇಲಿನ ಚೀಟಿಯನ್ನು ಒಮ್ಮೆ ಓದಿಕೊಂಡು ಉಳಿದದ್ದನ್ನೂ ಕುಡಿದುಬಿಟ್ಟರು. ನಾಲಿಗೆಗೂ ಚೀಟಿಗೂ ಜಗಳ ಬಂದರೆ ಅವರು ಚೀಟಿಯ ಕಡೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮನೆಯ ಪಕ್ಕದಲ್ಲಿ ತಗಡು ಹೊದಿಸಿದ ಒಂದು ಶೆಡ್ಡು. ಅದರಡಿ ಅವರ ಹಳೆಯ ಬಿಳಿ ಕಾರು. ಮೂರು ತಿಂಗಳ ಹಿಂದೆ ಆ ಕಾರಿನಲ್ಲಿ ಸ್ಟೀರಿಂಗಿನ ಮುಂದೆ ಒಂದು ಹಳದಿ ದೀಪ ಹತ್ತಿಕೊಂಡಿತು, ಏನು ಮಾಡಿದರೂ ಆರಲಿಲ್ಲ. ಗ್ಯಾರೇಜಿಗೆ ತೋರಿಸಿ ಎಂದಳು ಹೊಲಿಗೆಯಮ್ಮ.

"ಏನು ರೋಗ ಅಂತಾನೇ ಗೊತ್ತಿಲ್ಲದೆ ಡಾಕ್ಟರ ಹತ್ರ ಹೋಗ್ತಾರೇನೇ?" ಎಂದರು ಮಾಸ್ತರು.

ಹೊಲಿಗೆಯಮ್ಮ ತನ್ನ ಹೊಲಿಗೆ ಮೆಷಿನ್ನಿಗೆ ಮರಳಿದಳು.

ಹೀಗೆ ಮನೆಗೆ ಮೊದಲು ಬಂದದ್ದು ಸ್ಕ್ಯಾನರ್. ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಪೆಟ್ಟಿಗೆ. ಕಾರಿನ ಹೊಟ್ಟೆಯೊಳಗೆ ಎಲ್ಲೋ ಒಂದು ಕಡೆ ಅದನ್ನು ಚುಚ್ಚಿದರೆ ಕಾರಿನ ಗುಟ್ಟನ್ನೆಲ್ಲ ಮೊಬೈಲಿಗೆ ಹೇಳುತ್ತದೆ. ಚುಚ್ಚುವುದಕ್ಕೆ ಬಗ್ಗಬೇಕು, ಮಾಸ್ತರಿಗೆ ಸೊಂಟ ಬಗ್ಗುವುದಿಲ್ಲ. ಹಾಗಾಗಿ ಹೊಲಿಗೆಯಮ್ಮನ ತಮ್ಮನನ್ನು ಕರೆಸಿದರು. ಅವನು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಬಂದ, ಚುಚ್ಚಿದ, ನೋಡಿದ, ನಕ್ಕ. ಪೆಟ್ರೋಲ್ ಹಾಕಿಸಿದಾಗ ಟ್ಯಾಂಕಿನ ಮುಚ್ಚಳ ಬಿಗಿಯಾಗಿ ತಿರುಗಿಸಿರಲಿಲ್ಲ, ಅಷ್ಟೇ. ಮುಚ್ಚಳ ತಿರುಗಿಸಿ, ದೀಪ ಆರಿಸಿ, ಅಕ್ಕನ ಕೈಯ ಊಟ ಉಂಡು ಹೋದ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮರುವಾರದಿಂದ ಕಾರು ಹೊಸ ಚಾಳಿ ಕಲಿಯಿತು. ಮೂರು ದಿನ ನಿಲ್ಲಿಸಿದರೆ ನಾಲ್ಕನೆಯ ದಿನ ಏಳುವುದಿಲ್ಲ. ಕೀಲಿ ತಿರುಗಿಸಿದರೆ ಹಲ್ಲಿ ಲೊಚಗುಟ್ಟಿದ ಹಾಗೆ ಟಕ್ ಟಕ್ ಎಂದು ಸುಮ್ಮನಾಗುತ್ತದೆ. ನಿಂತ ಕಾರಿನಲ್ಲಿ ಏನೋ ಒಂದು ಬ್ಯಾಟರಿಯ ಕರೆಂಟು ಕುಡಿಯುತ್ತಿತ್ತು.

ಆಗ ಬಂದವು ನೋಡಿ ಒಂದರ ಹಿಂದೆ ಒಂದು. ದಬ್ಬಳದಂಥ ಮೊನೆ, ಹಿಡಿಯೊಳಗೆ ಬಲ್ಬು ಇರುವ ಟೆಸ್ಟ್ ಲ್ಯಾಂಪು. ಕರೆಂಟು ಅಳೆಯುವ, ಕೆಂಪು ಕಪ್ಪು ಬಾಲದ ಮಲ್ಟಿಮೀಟರು. ಅದು ಸುಳ್ಳು ಹೇಳುತ್ತಿದೆಯೇ ಎಂದು ನೋಡಲು ಇನ್ನೊಂದು ಮಲ್ಟಿಮೀಟರು. ಎರಡೂ ಬೇರೆ ಬೇರೆ ಹೇಳಿದಾಗ ಪಂಚಾಯಿತಿಗೆ ಮೂರನೆಯದು. ಬ್ಯಾಟರಿ ಪರೀಕ್ಷಿಸುವುದೊಂದು, ತುಂಬಿಸುವುದೊಂದು, ಫ್ಯೂಸ್ ಕೀಳುವ ಪುಟ್ಟ ಚಿಮಟ, ಹಲ್ಲಿರುವ ಕ್ಲಿಪ್ಪುಗಳ ಒಂದು ಸಂಸಾರ. ಪಾರ್ಸೆಲ್ ತರುವ ಹುಡುಗಿ ಗೇಟಿನ ಹತ್ತಿರ ಗಾಡಿ ನಿಲ್ಲಿಸುವ ಮೊದಲೇ "ಅಮ್ಮಾ, ಸರ್‌ಗೆ ಇನ್ನೊಂದು!" ಎಂದು ಕೂಗುವಷ್ಟು ಸಲಿಗೆಯಾದಳು.

ಇವೆಲ್ಲಕ್ಕೂ ಶೆಡ್ಡಿನ ಗೋಡೆಯ ಮೇಲೆ ಬಾಗಿಲಿನಷ್ಟು ದೊಡ್ಡ ಹಲಗೆ ಎದ್ದಿತು. ಹಲಗೆಗೆ ಬಿಳಿ ಬಣ್ಣ. ಒಂದೊಂದು ಸಾಮಾನಿಗೂ ಒಂದೊಂದು ಮೊಳೆ. ಅದು ನೇತಾಡುವ ಕಡೆ ಅದರದೇ ಆಕಾರದಲ್ಲಿ ಸುತ್ತಲೂ ಕಪ್ಪು ಗೆರೆ. ಗೆರೆಯ ಕೆಳಗೆ ಹೆಸರು. ಪ್ರಯೋಗಾಲಯದ ಕಾನೂನೇ ಇಲ್ಲಿಯೂ: ಗೆರೆಯೊಳಗೆ ಸಾಮಾನು ಇರಬೇಕು, ಇಲ್ಲದಿದ್ದರೆ ಅದು ಯಾರ ಹತ್ತಿರ ಇದೆ ಎಂಬ ಚೀಟಿ ಇರಬೇಕು. ಖಾಲಿ ಇರಬಾರದು.

ಎಲ್ಲ ಗೆರೆಗಳೂ ತುಂಬಿದವು, ಒಂದರ ಹೊರತು. ಬೆಂಕಿಪೊಟ್ಟಣದಷ್ಟು ದೊಡ್ಡ ಗೆರೆ. ಮನೆಗೆ ಮೊದಲು ಬಂದ ಸ್ಕ್ಯಾನರೇ ಇರಲಿಲ್ಲ. ಮಾಸ್ತರು ಮೂರು ದಿನ ಹುಡುಕಿದರು. ನಾಲ್ಕನೆಯ ದಿನ ತಮ್ಮ ಗುಂಡು ಗುಂಡು ಅಕ್ಷರದಲ್ಲಿ ಬರೆದು, ತಾರೀಖು ಹಾಕಿ ಅಂಟಿಸಿದರು: "ಭಾವಮೈದುನನ ಬಳಿ ಇದೆ."

ಮುಂದಿನ ಭಾನುವಾರ ತಮ್ಮ ಬಂದ. ಒಂದು ಚೀಲ ಹಣ್ಣು ಹಿಡಿದು, ಶಿಳ್ಳೆ ಹಾಕುತ್ತ, ಸೀದಾ ಶೆಡ್ಡಿಗೆ ನುಗ್ಗಿದ. ಶಿಳ್ಳೆ ನಿಂತಿತು.

"ಅದನ್ನ ನಿಮ್ಮ ಕೈಗೇ ಕೊಟ್ಟಿದ್ನಲ್ಲ ಭಾವ."

"ನನ್ನ ಕೈಗೆ ಬಂದಿದ್ರೆ ಗೋಡೆಗೆ ಬರ್ತಿತ್ತು," ಎಂದರು ಮಾಸ್ತರು. ಬೈಗುಳದ ದನಿಯಲ್ಲೇನೂ ಅಲ್ಲ. ಎರಡಕ್ಕೆ ಎರಡು ಸೇರಿದರೆ ನಾಲ್ಕು ಎನ್ನುವ ಹಾಗೆ. ಅದಕ್ಕೇ ಅದು ಹೆಚ್ಚು ಚುಚ್ಚಿತು.

ತಮ್ಮ ಬಂದ ದಾರಿಗೇ ತಿರುಗಿದ. ಹಣ್ಣಿನ ಚೀಲವನ್ನು ಅಕ್ಕನ ಹೊಲಿಗೆ ಮೆಷಿನ್ನಿನ ಮೇಲಿಟ್ಟು, ಚಪ್ಪಲಿ ಮೆಟ್ಟಿ ಹೋದವನು ಎರಡು ತಿಂಗಳಾದರೂ ಈ ಕಡೆ ತಲೆ ಹಾಕಲಿಲ್ಲ. ನಾಲ್ಕು ವರ್ಷದ ಮಗುವಾಗಿದ್ದಾಗ ತಾಯಿ ತೀರಿಕೊಂಡ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಹೊಲಿಗೆಯಮ್ಮ. ಗೋಡೆಯ ಮೇಲಿನ ಒಂದು ತುಂಡು ಕಾಗದ ಆ ಸೊಂಟವನ್ನೇ ಮುರಿದ ಹಾಗಾಗಿತ್ತು ಅವಳಿಗೆ.

ಗುರುವಾರ ಬೆಳಿಗ್ಗೆ ತಮ್ಮನ ಫೋನ್ ಬಂತು.

"ಅಕ್ಕ, ನನಗೆ ಬೇರೆ ಊರಿನ ಡಿಪೋಗೆ ಹಾಕಿದಾರೆ. ಭಾನುವಾರ ಬೆಳಿಗ್ಗೆ ಸಾಮಾನು ತುಂಬ್ತೀವಿ."

"ಈ ಭಾನುವಾರಾನಾ? ಇಷ್ಟು ದಿನ ಹೇಳೋಕೆ ಬಾಯಿಗೆ ಹೊಲಿಗೆ ಹಾಕಿತ್ತಾ?"

"ಹೊಲಿಗೆ ನಿನ್ನ ಕೆಲಸ. ನನ್ನನ್ನ ಕೇಳ್ತೀಯಾ?"

"ಶನಿವಾರ ಊಟಕ್ಕೆ ಬಾ."

"ಚೀಟಿ ಇದೆಯಾ ಇನ್ನೂ?"

"ಇದೆ," ಎಂದಳು ಅವಳು.

"ಹಂಗಾದ್ರೆ ನೀನೇ ಇಲ್ಲಿಗೆ ಬಾ ಅಕ್ಕ. ನನ್ನ ಹೆಸರು ಗೋಡೆ ಮೇಲೆ ಇರೋ ಮನೇಲಿ ನನಗೆ ತುತ್ತು ಇಳಿಯಲ್ಲ."

ಫೋನ್ ಇಟ್ಟು ಅವಳು ನೆಟ್ಟಗೆ ಶೆಡ್ಡಿಗೆ ಹೋದಳು. ಮಾಸ್ತರು ಹೊಸ ಪಾರ್ಸೆಲಿನ ರಟ್ಟು ಬಿಡಿಸುತ್ತ ಕೂತಿದ್ದರು. ಈ ಸಲ ಇಕ್ಕಳದ ಹಾಗೆ ಬಾಯಿ ತೆರೆಯುವ ಮೀಟರು. ತಂತಿಯನ್ನು ಕತ್ತರಿಸಬೇಕಿಲ್ಲ, ಬಿಚ್ಚಬೇಕಿಲ್ಲ. ಬಾಯಲ್ಲಿ ಕಚ್ಚಿಸಿದರೆ ಸಾಕು, ಎಷ್ಟು ಕರೆಂಟು ಹರಿಯುತ್ತಿದೆ ಎಂದು ಹೇಳುತ್ತದಂತೆ.

"ನೋಡೇ, ಇನ್ನು ಕಳ್ಳ ತಪ್ಪಿಸಿಕೊಳ್ಳೋ ಹಾಗೇ ಇಲ್ಲ," ಎಂದರು.

"ರೀ, ಕಳ್ಳ ಅನ್ನೋ ಪದ ಈ ಶೆಡ್ಡಲ್ಲಿ ಎತ್ತಬೇಡಿ. ಆ ಚೀಟಿ ಕೀಳ್ರಿ."

"ಕಿತ್ತು?"

"ಖಾಲಿ ಬಿಡಿ."

"ಖಾಲಿ ಬಿಡೋಕೆ ಬರಲ್ಲ."

"ಹಾಗಾದ್ರೆ 'ಗೊತ್ತಿಲ್ಲ' ಅಂತ ಬರೀರಿ. ಏನು ಕೈ ಸೇದಿ ಹೋಗುತ್ತಾ?"

ಮಾಸ್ತರು ಕನ್ನಡಕ ತೆಗೆದು ಒರೆಸಿಕೊಂಡರು. ಅವರ ಮುಖದಲ್ಲಿ ಹಟವಿರಲಿಲ್ಲ, ನಿಜವಾದ ಕಷ್ಟವಿತ್ತು. "ಗೊತ್ತಿಲ್ಲ ಅನ್ನೋದು ಒಂದು ಜಾಗ ಅಲ್ವಲ್ಲೇ," ಎಂದರು.

ಹೊಲಿಗೆಯಮ್ಮ ಒಳಗೆ ಹೋಗಿ ಆಸ್ಪತ್ರೆಯವರ ಹನ್ನೆರಡು ಪರದೆಗಳಿಗೆ ಒಂದೇ ಉಸಿರಿನಲ್ಲಿ ಅಂಚು ಹೊಲಿದಳು. ಅದರಲ್ಲಿ ನಾಲ್ಕನ್ನು ಆಮೇಲೆ ಬಿಚ್ಚಿ ಹೊಲಿಯಬೇಕಾಯಿತು.

ಶುಕ್ರವಾರ ಬೆಳಗಿನಿಂದ ಶೆಡ್ಡಿನಲ್ಲಿ ಪರೀಕ್ಷೆ ನಡೆಯಿತು. ಹೊಲಿಗೆ ಕೋಣೆಯ ಕಿಟಕಿ ಶೆಡ್ಡಿನ ಕಡೆಗೇ. ಬೇಡವೆಂದರೂ ಎಲ್ಲ ಕಾಣುತ್ತಿತ್ತು. ಮಾಸ್ತರು ರಾತ್ರಿಯೆಲ್ಲ ತುಂಬಿಸಿದ ಬ್ಯಾಟರಿಯ ಕಪ್ಪು ತಂತಿಗೆ ಮೀಟರು ಕಚ್ಚಿಸಿದರು. ಬಾನೆಟ್ಟು ತೆರೆದೇ ಬಿಟ್ಟು ಬಾಗಿಲುಗಳನ್ನು ಮುಚ್ಚಿದರು. ಮೀಟರಿನ ಜೊತೆ ಬಂದ ಪುಸ್ತಕವನ್ನು ಗಟ್ಟಿಯಾಗಿ ಓದಿದರು: "ಕಾರು ನಿದ್ದೆಗೆ ಇಳಿಯಲು ನಲವತ್ತು ನಿಮಿಷ ಬೇಕು. ಆಮೇಲೆ ಸೊನ್ನೆ ಬಿಂದು ಸೊನ್ನೆ ಐದಕ್ಕಿಂತ ಕಡಿಮೆ ತೋರಿಸಿದರೆ ಆರೋಗ್ಯ."

ಐದು ನಿಮಿಷವಾಯಿತು. ಮಾಸ್ತರು ಒಳಗಿನ ದೀಪ ಆರಿದೆಯೋ ಇಲ್ಲವೋ ಎಂದು ನೋಡಲು ಬಾಗಿಲು ತೆರೆದರು. ದೀಪ ಹತ್ತಿತು. "ಛೆ, ಇನ್ನೂ ಉರೀತಿದೆ," ಎಂದು ಬರೆದುಕೊಂಡರು. ಮುಚ್ಚಿದರು. ಹತ್ತು ನಿಮಿಷಕ್ಕೆ ಕೀಲಿ ಒಳಗೇ ಉಳಿಯಿತೇನೋ ಎಂಬ ಅನುಮಾನ ಬಂತು. ತೆರೆದರು. ಕೀಲಿ ಜೇಬಿನಲ್ಲೇ ಇತ್ತು. ಮುಚ್ಚಿದರು. ಆಮೇಲೆ ಮೊದಲನೆಯ ಫ್ಯೂಸ್ ಕೀಳಲು ತೆರೆದರು. ಮೀಟರಿನಲ್ಲಿ ಅಂಕಿ ಚಿಮ್ಮಿ ಮೇಲೇರಿತು. "ಒಂದನೇ ಫ್ಯೂಸ್, ಅನುಮಾನಾಸ್ಪದ" ಎಂದು ಬರೆದರು. ಎರಡನೆಯದಕ್ಕೂ ಚಿಮ್ಮಿತು, ಅದೂ ಅನುಮಾನಾಸ್ಪದ. ಮಧ್ಯಾಹ್ನದ ಹೊತ್ತಿಗೆ ಕಾರಿನಲ್ಲಿರುವ ಇಪ್ಪತ್ತೆರಡು ಫ್ಯೂಸುಗಳೂ ಅಪರಾಧಿಗಳಾಗಿದ್ದವು. ನಡುನಡುವೆ ಚಿಮಟವನ್ನು ಮೊಳೆಗೆ ನೇತುಹಾಕಿ ಬಂದು ಮತ್ತೆ ತೆಗೆದುಕೊಂಡು ಹೋಗುತ್ತಿದ್ದರು. ಗೆರೆ ಖಾಲಿ ಇರಬಾರದಲ್ಲ.

ಪಕ್ಕದ ಮನೆಯ ಅಂಚೆಯಣ್ಣ ಕಾಂಪೌಂಡಿನ ಮೇಲೆ ಮೊಣಕೈ ಊರಿ ನೋಡುತ್ತಿದ್ದ. ಅವನೂ ನಿವೃತ್ತನೇ. ಆಯುಷ್ಯವೆಲ್ಲ ಬೇರೆಯವರ ಕಾಗದ ಹಂಚಿದವನಿಗೆ ಈಗ ಬೇರೆಯವರ ಸಂಸಾರ ನೋಡುವುದೇ ಕೆಲಸ.

"ಏನಮ್ಮಾ, ಕಾರಿಗೆ ಆಪರೇಷನ್ನಾ?" ಎಂದು ಕಿಟಕಿಯ ಕಡೆ ಕೂಗಿದ.

"ಕಾರಿಗಲ್ಲ ಅಣ್ಣ, ನನಗೆ," ಎಂದಳು ಹೊಲಿಗೆಯಮ್ಮ.

ಅಷ್ಟರಲ್ಲಿ ಅವಳಿಗೆ ಏನೋ ಹೊಳೆಯಿತು. ದಿನಾ ಬೆಳಿಗ್ಗೆ ಅವಳು ಕೋಣೆಯ ಬಾಗಿಲು ಹಾಕಿಕೊಂಡು ಅರ್ಧ ಗಂಟೆ ದೇವರ ಮುಂದೆ ಕೂರುವುದು ರೂಢಿ. ಕೂತ ಕೂಡಲೇ ಮನಸ್ಸು ನಿಲ್ಲುವುದಿಲ್ಲ. ಮೊದಲು ಹೊಲಿಗೆಯ ಅಳತೆಗಳು ಬರುತ್ತವೆ, ಆಮೇಲೆ ಯಾರೋ ಅಂದ ಮಾತು, ಆಮೇಲೆ ತಮ್ಮನ ಮುಖ. ಒಂದೊಂದಾಗಿ ಅವು ಬಂದು ಹೋಗಿ, ಒಳಗೆ ಕೆರೆಯ ನೀರು ತಿಳಿಯಾದ ಹಾಗೆ ಆಗುವ ಹೊತ್ತಿಗೆ ಸರಿಯಾಗಿ ಮಾಸ್ತರು ಬಾಗಿಲು ತೆರೆದು, "ಕತ್ತರಿ ಎಲ್ಲೇ?" ಎನ್ನುತ್ತಾರೆ. ಎಲ್ಲ ಮತ್ತೆ ಮೊದಲಿಂದ.

ಕಾರಿಗೂ ಹಾಗೇ ಆಗುತ್ತಿದೆ! ಪಾಪ, ಕಣ್ಣು ಮುಚ್ಚಿದಾಗಲೆಲ್ಲ ಇವರು ಬಾಗಿಲು ತೆರೆಯುತ್ತಿದ್ದಾರೆ.

ಅವಳು ಮೆಷಿನ್ ನಿಲ್ಲಿಸಿ ಎದ್ದು ಹೋದಳು.

"ರೀ, ಒಂದು ಮಾತು. ನಿಮ್ಮ ಕಾರಿನ ರೋಗ ನಾನು ಹಿಡಿದು ಕೊಟ್ಟರೆ ಆ ಚೀಟಿ ಕೀಳ್ತೀರಾ?"

ಮಾಸ್ತರು ನಕ್ಕರು. "ನಾಲ್ಕು ಮೀಟರಿಗೆ ಸಿಗದ್ದು ನಿನಗೆ ಸಿಗುತ್ತಾ?"

"ಕೀಳ್ತೀರೋ ಇಲ್ವೋ?"

"ಆಯ್ತು ಮಾರಾಯ್ತಿ, ಕೀಳ್ತೀನಿ."

"ಹಾಗಾದ್ರೆ ಕೀಲಿ ಕೊಡಿ. ಅಂಚೆಯಣ್ಣನ ಮನೇಲಿ ಕೂತಿರಿ. ನಾನು ಕರೆಯೋ ತನಕ ಈ ಕಡೆ ಹೆಜ್ಜೆ ಇಡಬೇಡಿ. ಕತ್ತರಿ ಬೇಕಾದ್ರೂ ಸರಿ, ಮನೆಗೆ ಬೆಂಕಿ ಬಿದ್ದರೂ ಸರಿ."

"ಚಿಮಟ ತಗೊಂಡ್ರೆ ಚೀಟಿ..."

"ರೀ!"

ಅವರು ಹೋದರು. ಎರಡು ಸಲ ತಿರುಗಿ ನೋಡಿಯೇ ಹೋದರು.

ಹೊಲಿಗೆಯಮ್ಮ ಮೊದಲು, ಒಳಗಿನ ಫ್ಯೂಸ್ ಪೆಟ್ಟಿಗೆಗೆ ಕೈ ಸಿಗಲೆಂದು, ಸ್ಟೀರಿಂಗಿನ ಕಡೆಯ ಬಾಗಿಲನ್ನು ಪೂರ್ತಿ ತೆರೆದಳು. ಬಾಗಿಲ ಚೌಕಟ್ಟಿನಲ್ಲಿ ರಬ್ಬರಿನ ಒಂದು ಗುಂಡಿ. ಫ್ರಿಜ್ಜಿನ ಬಾಗಿಲಲ್ಲೂ ಇಂಥದ್ದೇ ಇರುತ್ತದೆ. ಅದು ಒತ್ತಿಕೊಂಡಿದ್ದರೆ ಬಾಗಿಲು ಮುಚ್ಚಿದೆ ಎಂದು ಫ್ರಿಜ್ಜು ನಂಬುತ್ತದೆ. ಅವಳು ದಾರದ ಖಾಲಿ ರೀಲೊಂದನ್ನು ಆ ಗುಂಡಿಯ ಮೇಲೆ ಒತ್ತಿಟ್ಟು, ಅಗಲದ ಇಲಾಸ್ಟಿಕ್ ಪಟ್ಟಿಯಿಂದ ಬಿಗಿದು ಕಟ್ಟಿದಳು. ಒಳಗಿನ ದೀಪ ಆರಿತು. ಬಾಗಿಲು ಬಾಯಿ ತೆರೆದು ನಿಂತಿದ್ದರೂ ಕಾರು ತನ್ನನ್ನು ಮುಚ್ಚಿದ್ದಾರೆ ಎಂದುಕೊಂಡಿತು.

ಮೀಟರಿನಲ್ಲಿ ಒಂದು ಬಿಂದು ಒಂಬತ್ತು.

ಅವಳು ಸ್ಟೂಲು ಎಳೆದುಕೊಂಡು ಬಾನೆಟ್ಟಿನ ಮುಂದೆ ಕೂತಳು. ಕೈಗೆ ಕೆಲಸ ತಂದುಕೊಳ್ಳಲಿಲ್ಲ. ಕೂರುವುದೇ ಕೆಲಸ. ಶೆಡ್ಡಿನ ತಗಡು ಬಿಸಿಲಿಗೆ ಟಿಕ್ ಎನ್ನುತ್ತಿತ್ತು. ಬೀದಿಯಲ್ಲಿ ಯಾರೋ ಸೈಕಲ್ ತಳ್ಳಿಕೊಂಡು ಹೋದರು. ಅಂಚೆಯಣ್ಣನ ಮನೆಯಿಂದ "ಆಯ್ತೇನೇ?" ಎಂದು ಒಂದು ಕೂಗು ಬಂತು. ತುಟಿಯಲ್ಲಿ ದೇವರ ಹೆಸರು, ಕಣ್ಣೆದುರು ಅಂಕಿ. ಒಂದು ಬಿಂದು ಒಂಬತ್ತು ಹೋಗಿ ಸೊನ್ನೆ ಬಿಂದು ಒಂಬತ್ತಾಯಿತು. ಕಾರಿನೊಳಗೆ ಎಲ್ಲೋ ಕ್ಲಿಕ್ ಎಂದಿತು, ಯಾರೋ ಮಗ್ಗುಲು ಬದಲಿಸಿದ ಹಾಗೆ. ಸೊನ್ನೆ ಬಿಂದು ಆರು. ಆಮೇಲೆ ಸೊನ್ನೆ ಬಿಂದು ನಾಲ್ಕು ಎರಡು. ಅಲ್ಲಿಗೆ ನಿಂತುಬಿಟ್ಟಿತು. ನಲವತ್ತು ನಿಮಿಷ ಕಳೆದು ಐವತ್ತಾದರೂ ಅಲ್ಲಾಡಲಿಲ್ಲ.

ಎಲ್ಲರೂ ಮಲಗಿದ್ದಾರೆ, ಒಬ್ಬರು ಎದ್ದಿದ್ದಾರೆ ಎಂದುಕೊಂಡಳು ಹೊಲಿಗೆಯಮ್ಮ.

ಚಿಮಟ ತೆಗೆದುಕೊಂಡಳು. ಸೀಟಿನ ಮೇಲೆ ಕಪ್ಪು ಬಟ್ಟೆ ಹಾಸಿ, ಗುರುತು ಹಾಕುವ ಸೀಮೆಸುಣ್ಣದಿಂದ ಒಂದರಿಂದ ಇಪ್ಪತ್ತೆರಡರ ತನಕ ಬರೆದಳು. ಚೀಟಿ ಮಾಸ್ತರ ಜೊತೆ ಇಷ್ಟು ವರ್ಷ ಬಾಳಿ ಅಷ್ಟಾದರೂ ಕಲಿಯದಿದ್ದರೆ ಹೇಗೆ? ಒಂದನೆಯ ಫ್ಯೂಸ್ ಕಿತ್ತು ಒಂದರ ಮೇಲಿಟ್ಟಳು, ಮುಂದೆ ಹೋಗಿ ಮೀಟರು ನೋಡಿದಳು. ಅದೇ ನಾಲ್ಕು ಎರಡು. ಎರಡನೆಯದು. ಅದೇ. ಸೀಟಿಗೂ ಬಾನೆಟ್ಟಿಗೂ ಓಡಾಡಿ ಮಂಡಿ ಚಿಪ್ಪು ಕಳಚುವ ಹಾಗಾಯಿತು. ಹತ್ತಾಯಿತು. ಹನ್ನೊಂದನೆಯದನ್ನು ಕಿತ್ತು ಬಂದು ನೋಡುತ್ತಾಳೆ, ಅಂಕಿ ಒಂದು ಕ್ಷಣ ತಡವರಿಸಿ, ಸರ್ರನೆ ಇಳಿದು, ಸೊನ್ನೆ ಬಿಂದು ಸೊನ್ನೆ ಮೂರಕ್ಕೆ ಬಂದು ನಿಂತಿತು.

"ಸಿಕ್ಕಿಬಿದ್ದೆಯಾ," ಎಂದಳು, ದನಿ ಏರಿಸದೆ.

ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಒಳಗೆ ಪಟ್ಟಿ ಇತ್ತು. ಹನ್ನೊಂದು: ಪರೀಕ್ಷಾ ಸಾಕೆಟ್. ಅದೆಲ್ಲಿದೆಯೋ ಅವಳಿಗೆ ತಿಳಿಯದು. ಕಾರಿನ ಪುಸ್ತಕ ತೆಗೆದು ಚಿತ್ರ ನೋಡಿದಳು. ಸ್ಟೀರಿಂಗಿನ ಅಡಿಯಲ್ಲಿ, ಮೊಣಕಾಲಿಗೂ ಮೇಲೆ, ಹೊರಗೆ ನಿಂತವರಿಗೆ ಕಾಣದ ಕಡೆ. ಅವಳು ಸೆರಗು ಸಿಕ್ಕಿಸಿಕೊಂಡು, ನೆಲದಲ್ಲಿ ಮಂಡಿಯೂರಿ, ಪೆಡಲುಗಳ ಮೇಲೆ ತಲೆ ಇಟ್ಟು ಮೇಲಕ್ಕೆ ನೋಡಿದಳು. ಕತ್ತಲು. ಕೈ ಹಾಕಿದಳು. ಬೆಂಕಿಪೊಟ್ಟಣದಷ್ಟು ದೊಡ್ಡದೊಂದು ಕೈಗೆ ತಗಲಿತು.

ಎಳೆದಳು. ಕಪ್ಪು ಪೆಟ್ಟಿಗೆ ಬಂತು.

ಅವಳು ಎದ್ದು ಹೋಗಿ ಹಲಗೆಯ ಮೇಲಿನ ಆ ಖಾಲಿ ಗೆರೆಯೊಳಗೆ, ಚೀಟಿಯ ಮೇಲೆಯೇ ಅದನ್ನು ಒತ್ತಿ ಹಿಡಿದಳು. ಅಂಗೈಯೊಳಗೆ ಅಂಗೈ ಕೂತ ಹಾಗೆ ಕೂತಿತು. ಎರಡು ತಿಂಗಳು! ಯಾವುದಕ್ಕಾಗಿ ತಮ್ಮ ಕಳ್ಳನಾದನೋ ಅದು ಎಂಟು ಹೆಜ್ಜೆ ದೂರದಲ್ಲಿ ತೂಗಿಕೊಂಡು, ಹಗಲೂ ರಾತ್ರಿ ಬ್ಯಾಟರಿ ಕುಡಿಯುತ್ತ ಕೂತಿತ್ತು. ಅದು ಕುಡಿಯುವುದನ್ನು ಹುಡುಕಲಿಕ್ಕೆಂದೇ ಗೋಡೆ ತುಂಬ ಸಾಮಾನು ಬಂದಿತ್ತು. ಅವಳಿಗೆ ನಗು ಬಂತು, ಜೊತೆಗೇ ಕಣ್ಣಲ್ಲಿ ನೀರು ಬಂತು, ಎರಡನ್ನೂ ಹಿಂದೆ ಹಾಕಿ ಸಿಟ್ಟು ಬಂತು.

"ರೀ! ಬನ್ನಿ ಇಲ್ಲಿ!"

ಕೂಗು ಮುಗಿಯುವ ಮೊದಲೇ ಮಾಸ್ತರು ಬಂದರು, ಹಿಂದೆಯೇ ಅಂಚೆಯಣ್ಣನೂ. ಹೊಲಿಗೆಯಮ್ಮ ಅಂಗೈ ಚಾಚಿದಳು.

ಮಾಸ್ತರು ಪೆಟ್ಟಿಗೆ ನೋಡಿದರು. ಕಾರು ನೋಡಿದರು. "ಅವನೇ ಅಲ್ಲಿ ಬಿಟ್ಟು ಹೋಗಿದಾನೆ ಹಾಗಾದ್ರೆ," ಎಂದರು, ಆದರೆ ದನಿಯಲ್ಲಿ ಬಲವಿರಲಿಲ್ಲ.

"ಅರೆ, ಇದೇ ಅಲ್ವಾ ಮಾಸ್ತರೇ ಅವತ್ತು ನನಗೆ ತೋರಿಸಿದ್ದು?" ಎಂದ ಅಂಚೆಯಣ್ಣ, ಪಾಪ, ಒಳ್ಳೆಯ ಮನಸ್ಸಿನಿಂದಲೇ. "ಕಾರು ಮೊಬೈಲ್ ಜೊತೆ ಮಾತಾಡುತ್ತೆ ಬನ್ನಿ ಅಂತ ಕರೆದ್ರಿ. ಸೀಟಲ್ಲಿ ಅಡ್ಡ ಮಲಗಿ, ಸೊಂಟ ಹಿಡ್ಕೊಂಡು, ಅಯ್ಯಪ್ಪಾ ಅನ್ನುತ್ತಾ ಸಿಕ್ಕಿಸಿದ್ರಲ್ಲ? ಅಷ್ಟೊತ್ತಿಗೆ ಜೋರು ಮಳೆ ಬಂತು, ನಾನು ಬಟ್ಟೆ ತೆಗೆಯೋಕೆ ಓಡಿದೆ. ನೀವೂ ಒಣಹಾಕಿದ್ದ ಪರದೆ ತರೋಕೆ ಓಡಿದ್ರಿ."

ಶೆಡ್ಡಿನಲ್ಲಿ ತಗಡು ಟಿಕ್ ಎಂದದ್ದು ಕೇಳಿಸಿತು.

"ಯಾವಾಗ?" ಎಂದಳು ಹೊಲಿಗೆಯಮ್ಮ.

"ಇವರ ಭಾವಮೈದುನ ಬಂದು ದೀಪ ಆರಿಸಿ ಹೋಗಿದ್ರಲ್ಲ, ಅದರ ಮಾರನೇ ದಿನ."

ಮಾಸ್ತರು ಸ್ಟೂಲಿನ ಮೇಲೆ ಕೂತರು. ಕನ್ನಡಕ ತೆಗೆದರು, ಒರೆಸಲಿಲ್ಲ. "ಹೌದು," ಎಂದರು. "ಮಳೆ ಬಂತು."

"ಮಳೆ ಬಂತು," ಎಂದಳು ಅವಳು. "ಮಳೆಗೆ ಒಂದು ಚೀಟಿ ಅಂಟಿಸಬೇಕಿತ್ತು ನೀವು. ನನ್ನ ತಮ್ಮನಿಗೆ ಅಂಟಿಸಿದ್ರಿ."

ಅಂಚೆಯಣ್ಣನಿಗೆ ತಾನು ಯಾವ ಕಾಗದವನ್ನು ಯಾವ ಮನೆಗೆ ಮುಟ್ಟಿಸಿದೆ ಎಂಬುದು ಆಗ ಅರ್ಥವಾಯಿತು. ಸದ್ದಿಲ್ಲದೆ ಕಾಂಪೌಂಡಿನ ಆಚೆ ಹೋದ.

ಮಾಸ್ತರು ಎದ್ದು ಚೀಟಿಯ ಮೂಲೆಯನ್ನು ಉಗುರಿನಿಂದ ಎಬ್ಬಿಸಿದರು. ಅವರ ಅಂಟು ಸಾಮಾನ್ಯದ್ದಲ್ಲ. ಒದ್ದೆ ಬಟ್ಟೆ ಹಿಡಿದು, ಊದಿ, ಕೆರೆದು, ಹರಿಯದ ಹಾಗೆ ಬಿಡಿಸಲು ಒಂದು ಗಂಟೆ ಹಿಡಿಯಿತು. ಅಷ್ಟರಲ್ಲಿ ಹೊಲಿಗೆಯಮ್ಮ ಹನ್ನೊಂದು ಫ್ಯೂಸುಗಳನ್ನೂ ಅಂಕಿ ನೋಡಿ ನೋಡಿ ಅವುಗಳ ಜಾಗಕ್ಕೆ ಸೇರಿಸಿದ್ದಳು.

"ಫೋನ್ ಮಾಡಿ ಹೇಳ್ತೀನಿ ಅವನಿಗೆ," ಎಂದರು ಮಾಸ್ತರು.

"ಚೀಟಿ ಎದುರಿಗೇ ಓದಿದಾನೆ. ತಪ್ಪಾಯ್ತು ಅನ್ನೋದನ್ನೂ ಎದುರಿಗೇ ಕೇಳಬೇಕು. ನಾಳೆ ಬೆಳಿಗ್ಗೆ ಹೊರಡೋದು."

"ಕಾರು ಎದ್ದರೆ..."

"ಏಳುತ್ತೆ. ಎಬ್ಬಿಸ್ತಾ ಇದ್ದವರನ್ನ ಕಿತ್ತು ಹಾಕಿದೀನಲ್ಲ."

ಶನಿವಾರ ಬೆಳಿಗ್ಗೆ ಕೀಲಿ ತಿರುಗಿಸಿದ ಕೂಡಲೇ ಕಾರು ಎದ್ದಿತು. ಮಾಸ್ತರ ಮುಖದಲ್ಲಿ ಅರಳಲು ಹೊರಟ ನಗು ಹೆಂಡತಿಯ ಮುಖ ಕಂಡು ಅರ್ಧಕ್ಕೇ ಬಾಡಿತು.

ತಮ್ಮನ ಮನೆಯಲ್ಲಿ ಗಂಟುಮೂಟೆಗಳ ನಡುವೆ ಕಾಲಿಡಲು ಜಾಗವಿರಲಿಲ್ಲ. ಅವನು ಮಂಚದ ಕಾಲಿನ ಬೋಲ್ಟು ಬಿಚ್ಚುತ್ತ ಕೂತಿದ್ದ. ಅಕ್ಕನನ್ನು ಕಂಡು ಎದ್ದ, ಹಿಂದೆ ಭಾವನನ್ನು ಕಂಡು ಮತ್ತೆ ಕೂತ. ಕೈಯಲ್ಲಿ ಸ್ಪ್ಯಾನರ್ ಹಾಗೇ ಇತ್ತು.

ಮಾಸ್ತರು ಜೇಬಿನಿಂದ ಎರಡು ವಸ್ತು ತೆಗೆದು ಗಂಟಿನ ಮೇಲಿಟ್ಟರು. ಕಪ್ಪು ಪೆಟ್ಟಿಗೆ ಒಂದು, ಮುದುರಿದ ಚೀಟಿ ಒಂದು.

"ಕಾರಿನಲ್ಲೇ ಇತ್ತು," ಎಂದರು. "ಚೀಟಿ ತಪ್ಪು."

"ಚೀಟಿ ಏನು ತಪ್ಪು ಮಾಡಿತ್ತು ಪಾಪ?" ಎಂದಳು ಹೊಲಿಗೆಯಮ್ಮ. "ಅದು ತಾನಾಗಿ ಬರೆದುಕೊಂಡಿತಾ? ಸರಿಯಾಗಿ ಹೇಳ್ರಿ."

ಮಾಸ್ತರು ಭಾವಮೈದುನನ ಕಡೆ ತಿರುಗಿದರು. ಮೂವತ್ತೊಂದು ವರ್ಷ ಪ್ರಯೋಗಾಲಯದಲ್ಲಿ ಅವರ ಕೈಯಿಂದ ಒಂದು ಬಾಟಲಿಯೂ ಒಡೆದಿರಲಿಲ್ಲ. ತಪ್ಪಾಯಿತು ಎನ್ನುವ ಮಾತಿನ ಅಭ್ಯಾಸವೇ ಅವರಿಗಿರಲಿಲ್ಲ. "ನೀನು ನನ್ನ ಕೈಗೇ ಕೊಟ್ಟಿದ್ದೆ ಕಣೋ," ಎಂದರು. "ನಾನೇ ಮತ್ತೆ ಹಾಕಿದ್ದೆ. ಮರೆತೆ. ಮರೆತದ್ದನ್ನ ನಿನ್ನ ತಲೆಗೆ ಕಟ್ಟಿದೆ. ತಪ್ಪಾಯ್ತು."

ತಮ್ಮ ಚೀಟಿಯನ್ನು ಎತ್ತಿ ನೋಡಿದ. "ಎರಡು ತಿಂಗಳು ಗೋಡೆ ಮೇಲೆ ನೇತು ಹಾಕಿದ್ರಿ ಭಾವ ನನ್ನ. ಪಾರ್ಸೆಲ್ ತರೋಳು ಕೂಡ ಓದಿರ್ತಾಳೆ."

"ಓದಿದಾಳೆ," ಎಂದರು ಮಾಸ್ತರು. ಸುಳ್ಳು ಹೇಳಲು ಅವರಿಗೆ ಬರುತ್ತಿರಲಿಲ್ಲ.

"ರಾತ್ರಿ ಮಲಗಿದಾಗಲೂ ಅದೇ ಅಕ್ಷರ ಕಣ್ಮುಂದೆ. ಏನು ದುಂಡಗೆ ಬರೀತೀರಪ್ಪಾ ನೀವು!" ಅವನು ಸ್ಪ್ಯಾನರ್ ಕೆಳಗಿಟ್ಟು ಕಪ್ಪು ಪೆಟ್ಟಿಗೆಯನ್ನು ತೆಗೆದುಕೊಂಡ, ಹಿಂದೆ ಮುಂದೆ ತಿರುಗಿಸಿದ, ಅಂಗಿಯ ಜೇಬಿಗೆ ಹಾಕಿಕೊಂಡ.

"ಇದು ನನಗಿರಲಿ," ಎಂದ. "ಚೀಟಿ ತಗೊಂಡು ಹೋಗಿ ಮತ್ತೆ ಅಲ್ಲೇ ಅಂಟಿಸಿ."

"ಏನು?" ಎಂದರು ಮಾಸ್ತರು.

"ಇಷ್ಟು ದಿನ ಅದು ಸುಳ್ಳು ಹೇಳ್ತಿತ್ತು. ಇನ್ಮೇಲೆ ನಿಜ ಹೇಳಲಿ. ಯಾರಾದ್ರೂ ಕೇಳಿದ್ರೆ ಹೇಳಿ, ಭಾವಮೈದುನನಿಗೆ ನಾನೇ ಕೊಟ್ಟೆ ಅಂತ." ಆಮೇಲೆ ಅಕ್ಕನ ಕಡೆ ತಿರುಗಿದ. "ಏನು ಮಾಡಿದೀಯ ಊಟಕ್ಕೆ?"

"ಎರಡು ತಿಂಗಳ ಲೆಕ್ಕದಲ್ಲಿ ಮಾಡಿದೀನಿ," ಎಂದಳು ಹೊಲಿಗೆಯಮ್ಮ. "ನಡಿ, ಕೈಕಾಲು ತೊಳ್ಕೊ, ಎಣ್ಣೆ ಕೈ ಕಾರಿಗೆ ಮುಟ್ಟಿಸಬೇಡ."

ಮಧ್ಯಾಹ್ನ ಮೂವರೂ ಮನೆಗೆ ಬಂದರು. ತಮ್ಮ ಗೇಟು ದಾಟಿದವನು ಮೊದಲು ಶೆಡ್ಡಿಗೇ ಹೋಗಿ ನಿಂತ, ಮಾಸ್ತರು ಅಂಟಿಸುವುದನ್ನು ಕಣ್ಣಾರೆ ನೋಡಬೇಕು ಎಂದು. ಮಾಸ್ತರು ಚೀಟಿಯ ಸುಕ್ಕು ಬಿಡಿಸಿದರು, ಹಳೆಯ ತಾರೀಖನ್ನು ಅಡ್ಡಗೆರೆಯಿಂದ ಹೊಡೆದು ಆ ದಿನದ ತಾರೀಖು ಬರೆದರು, ಅಂಟು ಸವರಿ ಒತ್ತಿದರು. ಹಲಗೆಯ ಮೇಲೆ ಒಂದು ಜಾಗವೂ ಖಾಲಿ ಇರಲಿಲ್ಲ. ಅವರು ಎರಡು ಹೆಜ್ಜೆ ಹಿಂದೆ ಸರಿದು, ತಲೆ ವಾಲಿಸಿ, ತೃಪ್ತಿಯಿಂದ ನೋಡಿದರು. ಆಮೇಲೆ ಅವರ ಹುಬ್ಬು ಗಂಟಿಕ್ಕಿತು.

"ಅಲ್ವೋ," ಎಂದರು ಭಾವಮೈದುನನಿಗೆ, "ಹಾಗಾದ್ರೆ ನಮಗೆ ಈಗ ಸ್ಕ್ಯಾನರೇ ಇಲ್ಲ ಅಂತಾಯ್ತು. ಇನ್ನೊಂದು ತರಿಸಬೇಕಲ್ಲ?"

ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕ ಸದ್ದು ಅಡುಗೆಮನೆಗೂ ಕೇಳಿಸಿತು. ಹೊಲಿಗೆಯಮ್ಮ ಸೌಟನ್ನು ಪಾತ್ರೆಯಲ್ಲೇ ಬಿಟ್ಟು, ಕಣ್ಣು ಮುಚ್ಚಿ, ದೇವರ ಹೆಸರು ಒಂದು ಸಲ ಹೇಳಿಕೊಂಡಳು. ಸಾಲಲಿಲ್ಲ. ಇನ್ನೊಂದು ಸಲ ಹೇಳಿಕೊಂಡಳು.

"ತಟ್ಟೆ ಹಾಕಿದೀನಿ," ಎಂದು ಕೂಗಿದಳು. "ಇಬ್ಬರೂ ಬನ್ನಿ ಒಳಗೆ. ಆ ಶೆಡ್ಡಿನ ಬಾಗಿಲು ಮುಚ್ಚಿ ಬನ್ನಿ."